ಹಲ್ಲಿನಲ್ಲಿ ಕಚ್ಚಿದ ಸರಳು

ನಿಜಾಮರ ಆಳ್ವಿಕೆ ಮುಗಿದ ಎರಡನೆಯ ವರ್ಷವೋ ಮೂರನೆಯದೋ, ನಾನು ಲಿಂಗಸುಗೂರಿನ ನೀರು ಸರಬರಾಜಿಗೆ ಓವರ್ಸಿಯರ್. ವಿಶ್ವವಿದ್ಯಾಲಯದಿಂದ ಆಗಷ್ಟೇ ಬಂದಿದ್ದೆ. ಅಳತೆಗೆ ಸಿಗದ್ದನ್ನು ನಂಬುವುದಿಲ್ಲ ಎಂಬ ಸೊಕ್ಕಿತ್ತು.

ಬಾವಿಯಿಂದ ಊರಿಗೆ ಬರುವ ಹಳೆಯ ಬೀಡುಕಬ್ಬಿಣದ ಪೈಪಿನೊಳಗೆ ಎಲ್ಲೋ ಸುಣ್ಣ ಕಟ್ಟಿ ನೀರು ಕಡಿಮೆಯಾಗುತ್ತಿತ್ತು. ಎಲ್ಲಿ ಎಂಬುದೇ ಗೊತ್ತಿರಲಿಲ್ಲ. ನಮ್ಮ ಫಿಟ್ಟರ್, ವಯಸ್ಸಾದ ಮುಸಲ್ಮಾನ, ಪಂಪು ಓಡುವಾಗ ಕಬ್ಬಿಣದ ಸರಳನ್ನು ನೆಲದೊಳಗಿನ ಪೈಪಿಗೆ ತಾಗುವಂತೆ ಇಳಿಸಿ, ಮೊಣಕಾಲೂರಿ, ಮೇಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ. ಪೈಪಿನ ನಡುಕ ದವಡೆಗೆ ಬರುತ್ತದಂತೆ.

“ನಿನ್ನ ಹಲ್ಲು ಯಾವ ಕಾಲೇಜಿನಾಗ ಓದ್ಯಾವೋ?” ಎಂದೆ.

“ಓದಿದ್ದ ಎರಡು ಉದುರಿ ಹೋಗ್ಯಾವ್ರೀ ಸಾಹೇಬ್ರ,” ಎಂದು ನಕ್ಕು, ಒಂದು ಕಡೆ ಸುಣ್ಣದ ಗೆರೆ ಎಳೆದ. “ಇಲ್ಲಿ ನೀರು ಗೊರಕಿ ಹೊಡ್ಯಾಕತ್ತಾದ. ತೂತು ಬೆರಳಷ್ಟ ಉಳದಾದ.”

“ಇರಲಿಲ್ಲಂದ್ರ ನೌಕರಿ ಬಿಡ್ತೀಯೇನು?”

“ಬಿಡ್ತೀನ್ರೀ,” ಎಂದವನೇ ಪಂಪು ನಿಲ್ಲಿಸಲು ದೂರದ ಬಾವಿಗೆ ಹೋದ.

ಗೆರೆ ಬಿದ್ದದ್ದು ಅಲಾಯಿ ಕುಣಿಯ ಅಂಚಿಗೆ; ಮೊಹರಂನಲ್ಲಿ ಬೆಂಕಿ ಹಾಕುವ ಗುಂಡಿ ಅದು. ಅಗೆಯಲು ಬಂದವರು ಲಿಂಗ ಕಟ್ಟಿದವರಾದರೂ ಅದಕ್ಕೆ ಹರಕೆ ಹೊರುವವರು. ಅಲ್ಲಿ ಗುದ್ದಲಿ ಹಾಕಲು ಅಂಜಿ, ಗೆರೆಯನ್ನು ಕಾಲಿನಿಂದ ಒರೆಸಿ, ಹತ್ತು ಹೆಜ್ಜೆ ಆಚೆ ಅಗೆದರು. ಕತ್ತರಿಸಿದ ಪೈಪು ಒಳಗೆ ಶುಭ್ರವಾಗಿತ್ತು. ಫಿಟ್ಟರ್ ತೋರಿಸಿದ ಜಾಗ ತಪ್ಪೆಂದು ನಾನು ವರದಿ ಬರೆದೆ. ಆ ವಾರವೇ ಫಿಟ್ಟರನ ಕೆಲಸ ಹೋಯಿತು.

ಮರುಬೇಸಿಗೆಗೆ ನೀರು ಪೂರಾ ನಿಂತಾಗ, ಗೆರೆ ಒರೆಸಿದ್ದನ್ನು ಅಗೆದವರೇ ಬಾಯಿಬಿಟ್ಟರು; ಹಿರಿಯರ ಅಪ್ಪಣೆ ಪಡೆದು ಕುಣಿಯ ಅಂಚಿನಲ್ಲೇ ಅಗೆಸಿದೆವು. ಪೈಪಿನೊಳಗೆ ಬೆರಳೂ ತೂರುತ್ತಿರಲಿಲ್ಲ.

ಫಿಟ್ಟರ್ ಆಗ ಮಸ್ಕಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಹೋಗಿ, “ಅವರು ಬ್ಯಾರೆ ಕಡೆ ಅಗದಾರ, ನನಗ ಗೊತ್ತಿರಲಿಲ್ಲ. ಕೆಲಸಕ್ಕ ಬಾ,” ಎಂದೆ.

“ಅವತ್ತ ಸಂಜಿಕ್ಕ ಅವರೇ ಬಂದು ಹೇಳ್ಯಾರ್ರೀ. ಅವರು ದೇವರಿಗೆ ಅಂಜ್ಯಾರ, ಬಿಡ್ರಿ. ನೀವು ಅಲ್ಲೇ ಕುರ್ಚಿ ಹಾಕ್ಕೊಂಡು ಕುಂತಿದ್ರಿ, ನೀವ್ಯಾಕ ಸುಮ್ಮನಿದ್ರಿ?”

“ನಾ ನೋಡಲಿಲ್ಲ.”

“ಹಂಗಿದ್ರ ನನ್ನ ತಪ್ಪಿಲ್ಲಂತ ಇನ್ನೊಂದು ಕಾಗದ ಬರೀರಿ. ಆಮ್ಯಾಲ ಬರ್ತೀನಿ.”

ಕುರ್ಚಿ ನೆನಪಿದೆ. ಬಿಳಿ ಗೆರೆಯನ್ನು ಒರೆಸುವ ಒಂದು ಕಾಲೂ ನೆನಪಿದೆ. ಅದನ್ನು ಅಂದೇ ಕಂಡೆನೋ, ಅವನ ಮಾತು ಕೇಳಿದ ಮೇಲೆ ಕಟ್ಟಿಕೊಂಡೆನೋ, ಇಂದಿಗೂ ತಿಳಿಯದು. ತಿಳಿಯದ್ದನ್ನು ಬರೆಯಬಾರದೆಂದು ಆಗ ನನಗೆ ನಾನೇ ಹೇಳಿಕೊಂಡೆ. ಮೊದಲ ವರದಿ ಬರೆಯುವಾಗ ಆ ಮಾತು ಹೊಳೆದಿರಲಿಲ್ಲ. ಎರಡನೆಯ ಕಾಗದ ಬರೆಯಲೇ ಇಲ್ಲ. ಅವನು ಬರಲೂ ಇಲ್ಲ.