ಹಸಿರು ಸೀರೆ ಉಟ್ಟ ದೆವ್ವ

ಅಕ್ಕನ ಬಿಳಿ ಸೀರೆ ಉಟ್ಟು ದೆವ್ವದ ಪಾತ್ರಕ್ಕೆ ರಂಗದ ಮೇಲೆ ಬಂದೆ. ಹೆಂಗಸರ ಕಡೆಯಿಂದ ಚೀರಾಟ ಕೇಳಿ ನನಗೆ ಖುಷಿಯೋ ಖುಷಿ.

ನಿಜಾಮರ ಕಾಲ. ಊರು ಹಿಟ್ನಾಳ, ನನಗೆ ಹದಿನಾರು ವರ್ಷ. ಆಗ ಹೆಣ್ಣು ಪಾತ್ರಗಳನ್ನೂ ನಮ್ಮಂಥ ಹುಡುಗರೇ ಮಾಡಬೇಕಿತ್ತು. (ಹೇಳುತ್ತಿರುವವನು ನಾನು, ಟೈಪ್ ಮಾಡುತ್ತಿರುವವಳು ಮೊಮ್ಮಗಳು. ಬೈಯುವುದಿದ್ದರೆ ನನ್ನನ್ನೇ ಬೈಯಿರಿ.)

ಉರ್ದು ಶಾಲೆಯ ಮಾಸ್ತರರು ಪರದೇಶದ ಹಳೆಯ ದೆವ್ವದ ಕಥೆಗಳನ್ನು ಓದಿಕೊಂಡಿದ್ದರು. ಪಾಳುಬಿದ್ದ ದೊಡ್ಡ ವಾಡೆ ಮನೆ, ಬೀಗ ಹಾಕಿದ ಮಾಳಿಗೆ ಕೋಣೆ, ಅದರೊಳಗೊಂದು ಹೆಣ್ಣು ದೆವ್ವ... ಅದನ್ನೇ ನಮ್ಮ ಕಡೆಗೆ ಒಗ್ಗಿಸಿ ನಾಟಕ ಬರೆದರು.

"ಬಣ್ಣ ಗಿಣ್ಣ ಏನೂ ಬ್ಯಾಡ. ಬಿಳಿ ಸೀರಿ, ಬೋಳು ಹಣಿ ಸಾಕು. ಮಂದಿ ತಾವ ಅಂಜತಾರ" ಅಂದರು.

ದೆವ್ವ ಪರದೇಶದ್ದು, ಅಂಜಿಕೆ ಮಾತ್ರ ನಮ್ಮೂರಿನದೇ.

ಅಕ್ಕನಿಗೆ ಆಗ ಇಪ್ಪತ್ತೆರಡು. ಗಂಡ ಸತ್ತು ತವರಿಗೆ ಬಂದು ಎರಡು ವರ್ಷವಾಗಿತ್ತು. ಸೀರೆ ಕೇಳಿದರೆ ಇಲ್ಲ ಅನ್ನಲಿಲ್ಲ, ನಿರಿಗೆ ಹಿಡಿದು ತಾನೇ ಉಡಿಸಿದಳು.

ಮರುದಿನ ಭಾವಿಯ ಹತ್ತಿರ ಮಕ್ಕಳು ಅವಳನ್ನು ಕಂಡು "ವಾಡೇದ ದೆವ್ವ ಬಂತು" ಎಂದು ಓಡಿದವು. ದೊಡ್ಡವರು ಗದರಲಿಲ್ಲ. ಕೊಡ ಎತ್ತಿಕೊಂಡು ಅವರೂ ಸರಿದುಹೋದರು.

ಅಂದಿನಿಂದ ಅಕ್ಕ ಉರಿಬಿಸಿಲಿನಲ್ಲಿ, ಭಾವಿಯ ಬಳಿ ಯಾರೂ ಇಲ್ಲದ ಹೊತ್ತು ನೋಡಿ ನೀರಿಗೆ ಹೋಗತೊಡಗಿದಳು. ಅದಕ್ಕೆ ನನ್ನ ದೆವ್ವದ ಪಾತ್ರವೇ ಕಾರಣ ಎಂದು ನನಗೆ ಗೊತ್ತಿತ್ತು.

ತಿಂಗಳೊಳಗೆ ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ಮತ್ತೆ ಅದೇ ನಾಟಕ. ಈ ಸಲ ಯಾರಿಗೂ ಹೇಳದೆ ಅವ್ವನ ಹಸಿರು ಸೀರೆ ಉಟ್ಟೆ. ಕೈತುಂಬ ಬಳೆ, ಹಣೆಗೆ ಕಾಸಗಲ ಕುಂಕುಮ.

ರಂಗಕ್ಕೆ ಬಂದರೆ ಯಾರೂ ಚೀರುತ್ತಿಲ್ಲ. ಬರೀ ಗುಸುಗುಸು. ನನಗೆ ಮಾತು ಮರೆತುಹೋಗಿದೆ.

ಮುಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು.

"ಏನ್ರಿ ಮಾಸ್ತರ, ಮುತ್ತೈದಿನ್ನ ದೆವ್ವ ಮಾಡ್ತೀರೇನ್ರಿ? ನಮ್ಮ ಮನ್ಯಾಗ ಹೆಣ್ಮಕ್ಕಳು ಅದಾರ. ಪರದೆ ಹಾಕ್ರಿ."

ಪರದೆ ಬಿತ್ತು. ಮಾಸ್ತರರು ನನ್ನ ಬೆವರಿಳಿಸಿದರು. ಪಾತ್ರವೂ ಕೈತಪ್ಪಿತು, ಆದರೂ ದೊಡ್ಡ ಸಾಹಸ ಮಾಡಿದವನ ಹಾಗೆ ಬೀಗುತ್ತ ಊರಿಗೆ ಬಂದೆ.

ಅಕ್ಕ ಜೋಳ ಹಸನು ಮಾಡುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ, ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಮೊರ ಕೆಳಗಿಟ್ಟಳು.

"ಅವರ ಮನ್ಯಾಗ ಹೆಣ್ಮಕ್ಕಳು ಅದಾರಂತ ಅವರಿಗೆ ಸಿಟ್ಟು ಬಂತು. ನೀ ನನ್ನ ಸೀರಿ ಉಟ್ಟು ದೆವ್ವ ಆದಾಗ, ನಮ್ಮ ಮನ್ಯಾಗ ಯಾರೂ ಇದ್ದಿಲ್ಲೇನೋ ತಮ್ಮಾ?"

ಭೂಮಿ ಬಾಯಿಬಿಡಬಾರದೇ ಅನಿಸಿತು.

ಮೊನ್ನೆ ಟಿವಿಯಲ್ಲಿ ಒಂದು ದೆವ್ವ ಬಂತು, ಮತ್ತದೇ ಬಿಳಿ ಸೀರೆ. ಎಲ್ಲರೂ ನೋಡುತ್ತ ಕೂತಿದ್ದರು, ನನಗೆ ಕೂರಲಾಗದೆ ಎದ್ದು ಹೊರಗೆ ಹೋದೆ... ನೀವು ಕೂತು ನೋಡುತ್ತೀರಾ?