ಹರಿಹರದವರೆಗೆ ಜೊತೆ

2024ರ ಫೆಬ್ರುವರಿ 3, ಶನಿವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಪಕ್ಕದ ನಮ್ಮ ಸಂಜೆ ಶಾಲೆಯ ಮುಂದೆ ನಿಂತು ಮಕ್ಕಳನ್ನು ಎಣಿಸಿದೆ. ಇಪ್ಪತ್ತೆರಡು. ಸಾಲಾಗಿ ನಿಲ್ಲಿಸಿ ಮತ್ತೆ ಎಣಿಸಿದೆ. ಇಪ್ಪತ್ತೆರಡೇ. ಮಧ್ಯಾಹ್ನ ಇಪ್ಪತ್ಮೂರು ಜನ ಇದ್ದರು.

ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಐರ್ಲೆಂಡಿನ ಒಂದು ಕಾಲೇಜಿನಿಂದ ಒಂಬತ್ತು ವಿದ್ಯಾರ್ಥಿಗಳು ತಮ್ಮ ಮೇಷ್ಟ್ರೊಬ್ಬರ ಜೊತೆ ಸೇವಾ ಪ್ರವಾಸಕ್ಕೆಂದು ಮೂರು ವಾರಕ್ಕೆ ಬಂದಿದ್ದರು. ಉಳಿದುಕೊಂಡಿದ್ದು ಹರಿಹರದಲ್ಲಿ. ದಿನಾ ವ್ಯಾನಿನಲ್ಲಿ ಇಲ್ಲಿಗೆ ಬಂದು ಭಟ್ಟಿ ಕೆಲಸಗಾರರ ಮಕ್ಕಳ ಜೊತೆ ಇರುತ್ತಿದ್ದರು. ಗೋಡೆಗೆ ಬಣ್ಣ ಬಳಿದರು, ಹಾಡು ಕಲಿಸಿದರು, ಕುಂಟೆಬಿಲ್ಲೆ ಆಡಿ ಸೋತರು. ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ತಿಳಿಸುವುದು ನನ್ನ ಕೆಲಸ. ಹಾಜರಿ ಇಡಲು ಯಾರೂ ಹೇಳಿರಲಿಲ್ಲ. ಅದು ನನ್ನ ಚಟ.

ಕಾಣೆಯಾದವಳು ಎಂಟು ವರ್ಷದ ಹುಡುಗಿ. ಅವಳ ತಾಯಿ ಕುಕ್ಕುವಾಡದವಳು. ಗಂಡ ಸತ್ತ ಮೇಲೆ ಭಟ್ಟಿಗೆ ಬಂದು, ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸಕ್ಕೆ ನಿಂತಿದ್ದಳು. ಆ ಒಂಬತ್ತು ಮಂದಿಯಲ್ಲಿ ಕೆಂಪು ಕೂದಲಿನ ಒಬ್ಬಳು ಈ ಹುಡುಗಿಯನ್ನು ಬಹಳ ಹಚ್ಚಿಕೊಂಡಿದ್ದಳು. ಮಕ್ಕಳು ಅವಳನ್ನು ಕೆಂಪಕ್ಕ ಎನ್ನುತ್ತಿದ್ದರು.

ಅಂದು ಅವರ ಕೊನೆಯ ದಿನ. ಸಂಜೆ ಹರಿಹರದಿಂದ ರೈಲು ಹತ್ತಬೇಕಿತ್ತು. ನಾಲ್ಕು ಗಂಟೆಗೆ ಹುಡುಗಿಯ ತಾಯಿ ಕೆಲಸ ಬಿಟ್ಟು ಬಂದು, ಕೆಂಪಕ್ಕನನ್ನು ಚಾಪೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ, ರವಿಕೆಗೆಂದು ಒಂದು ಕುಬಸದ ಕಣ.

"ಮದುವಿ ಆಗದ ಹುಡುಗಿಗೆ ಉಡಿ ಯಾಕ ತುಂಬ್ತಿಯೇ?" ಎಂದಳು ಪಕ್ಕದ ಭಟ್ಟಿಯವಳು.

"ಮೂರು ವಾರ ನನ್ ಮಗ್ಳ ತಲೆ ಬಾಚ್ಯಾಳೆ. ಬರಿ ಉಡಿಲಿ ಕಳ್ಸಾಕಾಗ್ತೈತೇನು?"

"ಹಂಗಾದ್ರೆ ಗಂಡನ್ನೂ ನೀನೇ ಹುಡ್ಕು ಮತ್ತೆ!"

ಎಲ್ಲರೂ ನಕ್ಕರು. ಕೆಂಪಕ್ಕನೂ ಏನೆಂದು ತಿಳಿಯದೆ ನಕ್ಕಳು. ಅಕ್ಕಿಯನ್ನು ದುಪಟ್ಟಾದ ಸೆರಗಿಗೆ ಬಿಗಿಯಾಗಿ ಗಂಟು ಹಾಕಿಕೊಂಡಳು. ಮುಕ್ಕಾಲು ಗಂಟೆಯ ಮೇಲೆ ವ್ಯಾನು ಹೊರಟಿತು. ದಿನದಂತೆ ಕೆಲವು ಮಕ್ಕಳು ಅದರಲ್ಲಿ ಗಲ್ಲಿಯ ತುದಿಯವರೆಗೆ ಕೂತು ಹೋಗಿ, ಇಳಿದು ಓಡಿಬಂದರು. ಆಮೇಲೆ ನಾನು ಎಣಿಸಿದ್ದು.

ಮೊದಲು ಭಟ್ಟಿಗಳನ್ನು ನೋಡಿದೆವು. ಒಲೆಗಳ ಹಿಂದೆ, ಹೊಟ್ಟಿನ ರಾಶಿಯ ಮೇಲೆ, ಗೋಣಿಚೀಲಗಳ ಸಂದಿಯಲ್ಲಿ. ತಾಯಿ ಒಂದೊಂದು ಬಾಗಿಲಿಗೂ ಹೋಗಿ ಮಗಳ ಹೆಸರು ಕೂಗಿದಳು. ನಾಲ್ಕನೆಯ ಬಾಗಿಲು ದಾಟುವಷ್ಟರಲ್ಲಿ ಗಲ್ಲಿಯಲ್ಲಿ ಬೇರೆ ಮಾತು ಎದ್ದಿತ್ತು.

"ಫಾರಿನ್ನೋರು ಎತ್ಕಂಡ್ ಹೋಗ್ಯಾರೆ."

"ಉಡಿ ತುಂಬಿಸ್ಕಂಡು ಮಗೀನೇ ಹೊತ್ಕಂಡ್ ಹೋದ್ಲಲ್ಲೋ!"

ಒಬ್ಬ ಯುವಕ ಆಗಲೇ ಫೋನು ಒತ್ತುತ್ತಿದ್ದ. ಕೆಂಪಕ್ಕ ಹುಡುಗಿಯನ್ನು ತಬ್ಬಿಕೊಂಡಿದ್ದ ಮಧ್ಯಾಹ್ನದ ಫೋಟೊ, ಕೆಳಗೆ "ಮಕ್ಕಳ ಕಳ್ಳಿ, ಹರಿಹರದ ಕಡೆ ಹೋಗಿದ್ದಾಳೆ, ಹಿಡಿಯಿರಿ" ಎಂಬ ಸಾಲು. ಬೇಡ, ನಿಲ್ಲಿಸು ಎಂದೆ. "ಹೋಯ್ತಲ್ರಿ ಮಿಸ್, ಎಲ್ಲಾ ಗ್ರೂಪಿಗೂ ಹೋಯ್ತು" ಎಂದ.

ಅವರ ಮೇಷ್ಟ್ರಿಗೆ ಫೋನು ಹಚ್ಚಿದೆ. ರಿಂಗಾಗಿದ್ದು ನನ್ನ ಚೀಲದಲ್ಲೇ. ಇಲ್ಲಿನ ಸಿಮ್ಮಿನ ಆ ಫೋನನ್ನು ಇನ್ನು ಬೇಕಿಲ್ಲವೆಂದು ಅವರು ಮಧ್ಯಾಹ್ನ ನನಗೇ ಒಪ್ಪಿಸಿದ್ದರು. ವ್ಯಾನಿನವನ ನಂಬರು ನನ್ನಲ್ಲಿರಲಿಲ್ಲ.

ತಾಯಿಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರು ಹೊರಡಿಸಿದೆ. ಊರು ದಾಟುವವರೆಗೂ ಅವಳ ಬೆರಳುಗಳು ನನ್ನ ಭುಜವನ್ನು ಕಚ್ಚಿ ಹಿಡಿದಿದ್ದವು. ಎದುರಿನ ಲಾರಿಗಳ ಧೂಳಿನಲ್ಲಿ ಕಣ್ಣು ಕಿರಿದು ಮಾಡಿ ಓಡಿಸುತ್ತಿದ್ದೆ.

"ಆ ಹುಡುಗಿ ಅಂಥಾಕಿ ಅಲ್ಲ. ಅಲ್ಲೇನ್ ಮಿಸ್?"

"ಅಲ್ಲ."

"ಮತ್ತ ನನ್ ಮಗ್ಳೆಲ್ಲಿ?"

ಹುಡುಗಿ ವ್ಯಾನಿನಲ್ಲಿರದಿದ್ದರೆ ನಾವು ಅವಳಿಂದ ದೂರ ದೂರ ಹೋಗುತ್ತಿದ್ದೇವೆ ಎಂದು ನನಗೂ ಅನ್ನಿಸಿತ್ತು. ವೇಗ ಹೆಚ್ಚಿಸಿದೆ.

ಹರಿಹರ ನಿಲ್ದಾಣದ ಮೆಟ್ಟಿಲಿನಿಂದಲೇ ಗದ್ದಲ ಕೇಳಿಸಿತು. ಪ್ಲಾಟ್‌ಫಾರ್ಮಿನ ಮೇಲೆ ಜನ ಸುತ್ತುಗಟ್ಟಿದ್ದರು. ನಡುವೆ ಕೆಂಪಕ್ಕ ಮೊಣಕಾಲೂರಿ ಕೂತಿದ್ದಳು. ಅವಳ ಕುತ್ತಿಗೆಗೆ ಜೋತುಬಿದ್ದು ನಮ್ಮ ಹುಡುಗಿ. ಮೇಷ್ಟ್ರು ಎರಡೂ ಕೈ ಎತ್ತಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು. ರೈಲ್ವೆ ಪೊಲೀಸನೊಬ್ಬ ಜನರನ್ನು ಹಿಂದಕ್ಕೆ ತಳ್ಳುತ್ತಿದ್ದ. ಒಬ್ಬ ಆಟೊದವನು ಅದೇ ಫೋಟೊವನ್ನು ಅವಳ ಮುಖದ ಪಕ್ಕ ಹಿಡಿದು ಹೋಲಿಸುತ್ತಿದ್ದ.

"ಇವಳೇ ನೋಡ್ರೋ, ಇವಳೇ. ಕೂದ್ಲು ನೋಡ್ರಿ."

ಯಾರೋ ಅವಳ ದುಪಟ್ಟಾ ಹಿಡಿದೆಳೆದರು. ಸೆರಗಿನ ಗಂಟು ಸಡಿಲಾಗಿ ನಾಲ್ಕು ಕಾಳು ಅಕ್ಕಿ ನೆಲಕ್ಕೆ ಬಿತ್ತು. ರೈಲು ಬರುತ್ತಿದೆಯೆಂದು ಧ್ವನಿವರ್ಧಕ ಕೂಗಿತು.

ತಾಯಿ ನುಗ್ಗಿ ಒಳಗೆ ಹೋದಳು.

"ನೀನೇನಮ್ಮಾ ತಾಯಿ? ಹೇಳು ನೀನು, ಇವರೇ ಎತ್ಕಂಡ್ ಬಂದಾರಲ್ಲ?" ಎಂದ ಆಟೊದವನು. ಫೋನುಗಳೆಲ್ಲ ಅವಳ ಮುಖದತ್ತ ತಿರುಗಿದವು.

ಅವಳು ಮಗಳ ರಟ್ಟೆ ಹಿಡಿದು ಎಳೆದು ಬೆನ್ನ ಮೇಲೆ ಒಂದು ಬಿಟ್ಟಳು. "ಯಾಕ ಬಂದೆ? ಯಾರು ಬಾ ಅಂದ್ರು?"

"ಯಾರೂ ಅಂದಿಲ್ಲ. ಹಿಂದಿನ ಸೀಟಿನ ಕೆಳಗೆ ಕುಂತಿದ್ದೆ." ಹುಡುಗಿ ಬಿಕ್ಕುತ್ತಲೇ ಜಗಳಕ್ಕೆ ನಿಂತಳು. "ನೀನೇ ಉಡಿ ತುಂಬಿದ್ದಿ. ಅಕ್ಕಗೆ ಉಡಿ ತುಂಬಿದಾಗ ಲೋಕಿಕೆರೆಗೆ ನನ್ನ ಜೋಡಿ ಕಳ್ಸಿದ್ದಿಲ್ಲೇನು? ಇವಳ ಜೋಡಿ ಯಾರೂ ಹೊಂಟಿರ್ಲಿಲ್ಲ!"

ಆಗ ನನಗೆ ತಿಳಿಯಿತು. ಅವರ ಕಡೆ ಉಡಿ ತುಂಬಿ ಗಂಡನ ಮನೆಗೆ ಕಳಿಸುವ ಮಗಳನ್ನು ಮೊದಲ ಸಲ ಒಬ್ಬಳನ್ನೇ ಕಳಿಸುವುದಿಲ್ಲ. ತಂಗಿಯೋ ಅಜ್ಜಿಯೋ ಜೊತೆಗೆ ಹೋಗಿ ಕೆಲವು ದಿನ ಇದ್ದು ಬರುತ್ತಾರೆ. ದೀಪಾವಳಿ ಕಳೆದ ಮೇಲೆ ಇವಳು ಲೋಕಿಕೆರೆಯಲ್ಲಿ ಎಂಟು ದಿನ ಇದ್ದು, ಹೊಸ ಲಂಗ ಉಟ್ಟು ಬಂದು ಶಾಲೆಯಲ್ಲೆಲ್ಲ ಮೆರೆದಿದ್ದಳು.

"ಲೋಕಿಕೆರೆ ಇಲ್ಲೇ ಐತೆ. ಇವಳ ಊರಿಗೆ ಸಮುದ್ರ ದಾಟ್ಬೇಕು, ಹುಚ್ಚಿ!"

ಹಿಂದಿನಿಂದ ಯಾರೋ ನಕ್ಕರು. ಆಟೊದವನು ನಗಲಿಲ್ಲ. "ಮಗು ಹೇಳಿದ್ದೆಲ್ಲ ನಂಬ್ತಿಯೇನಮ್ಮಾ? ಕಂಪ್ಲೇಂಟ್ ಕೊಡು, ನಾವದೀವಿ."

ತಾಯಿ ಬಗ್ಗಿ ನೆಲದ ಮೇಲಿನ ಕಾಳುಗಳನ್ನು ಆರಿಸಿದಳು. ಕೆಂಪಕ್ಕನ ಸೆರಗಿಗೆ ಅವನ್ನು ಹಾಕಿ, ಗಂಟನ್ನು ತಾನೇ ಮತ್ತೆ ಬಿಗಿದಳು.

"ಯಾರೂ ಎತ್ಕಂಡ್ ಬಂದಿಲ್ಲಪ. ನನ್ ಮಗ್ಳು ಕಳ್ಸಾಕೆ ಬಂದಾಳೆ. ಮನೆ ಮಗ್ಳು ಊರಿಗೆ ಹೊಂಟಾಳೆ. ದಾರಿ ಬಿಡ್ರಿ."

ರೈಲು ಬಂದು ನಿಂತಿತು. ಸುತ್ತು ಒಂದು ಕಡೆ ಬಾಯಿ ಬಿಟ್ಟಿತು. ಒಂಬತ್ತು ಜನವೂ ಮೇಷ್ಟ್ರೂ ಅದರಲ್ಲೇ ನುಸುಳಿ ಹತ್ತಿದರು. ತಾಯಿ ಏನೆಂದಳೆಂದು ಕೆಂಪಕ್ಕ ಬಾಗಿಲಿನಿಂದ ಕೂಗಿ ಕೇಳಿದಳು. ಹೇಳಿದೆ. ಅವಳು ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು, ರೈಲು ಹೊರಟರೂ.

ವಾಪಸು ಬರುವಾಗ ಹುಡುಗಿ ನಮ್ಮಿಬ್ಬರ ನಡುವೆ ಕೂತು ನಿದ್ದೆ ಹೋದಳು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಫೋಟೊ ನಿಲ್ಲಲಿಲ್ಲ. ಹುಡುಗಿ ಸಿಕ್ಕ ಸುದ್ದಿಯನ್ನು ಎಲ್ಲ ಗ್ರೂಪಿಗೂ ಹಾಕಿದೆ. ಅದನ್ನು ಮುಂದೆ ಕಳಿಸಿದವರು ಕಡಿಮೆ. ಸೋಮವಾರದ ಹಾಜರಿ ಒಂಬತ್ತು. ಮರುವಾರ ನಾಲ್ಕು. ಪೊಲೀಸರು ಬಂದಾರೆಂದು ಹೆದರಿದ ಭಟ್ಟಿಯ ಮಾಲೀಕ "ನಮಗ್ಯಾಕಮ್ಮಾ ಈ ಉಸಾಬರಿ" ಎಂದು ತಾಯಿಯನ್ನು ಬಿಡಿಸಿದ. ನನಗೆ ಗೊತ್ತಾಗಿ ಹೋಗುವಷ್ಟರಲ್ಲಿ ಅವರ ಕೋಣೆಯಲ್ಲಿ ಬೇರೆ ಸಂಸಾರವಿತ್ತು.

ಕುಕ್ಕುವಾಡಕ್ಕೆ ಹೋದೆ. ಆ ತಾಯಿಯ ಅಣ್ಣನ ಹೆಂಡತಿ, ಇಲ್ಲಿಗೆ ಬಂದೇ ಇಲ್ಲ ಎಂದಳು. ಲೋಕಿಕೆರೆಯಲ್ಲಿ ಹಿರಿಯ ಮಗಳೂ ಗಂಡನ ಜೊತೆ ಕೆಲಸ ಹುಡುಕಿ ಹೋಗಿದ್ದಳು. ಕೆಂಪಕ್ಕ ಊರು ಸೇರಿ ಆ ಅಕ್ಕಿಯನ್ನು ತನ್ನ ತಾಯಿಯ ಕೈಯಲ್ಲಿ ಅನ್ನ ಮಾಡಿಸಿ ಉಂಡಳಂತೆ. ಈಗಲೂ ಪತ್ರ ಬರೆದಾಗಲೆಲ್ಲ ಒಂದೇ ಕೇಳುತ್ತಾಳೆ: ಅವಳು ಶಾಲೆಗೆ ಹೋಗುತ್ತಿದ್ದಾಳಾ?

ಆ ಹುಡುಗಿಗೆ ಈಗ ಹತ್ತು ದಾಟಿರಬೇಕು. ಹರಿಹರದವರೆಗೆ ಒಬ್ಬ ಕೆಂಪು ಕೂದಲಿನ ಅಕ್ಕನ ಜೊತೆ ಹೋಗಿದ್ದೆ ಎಂದು ಹೇಳಿಕೊಳ್ಳುವ ಮಗು ನಿಮ್ಮೂರಿನ ಭಟ್ಟಿಯಲ್ಲೋ ಶಾಲೆಯಲ್ಲೋ ಇದ್ದರೆ, ಈ ಪುಸ್ತಕದ ಪ್ರಕಾಶಕರ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಊರಿನ ಹೆಸರು ಹೇಳಲು ತಾಯಿಗೆ ಇಷ್ಟವಿಲ್ಲದಿದ್ದರೆ ಬೇಡ. ಶಾಲೆಗೆ ಹೋಗುತ್ತಿದ್ದಾಳೋ ಇಲ್ಲವೋ, ಅಷ್ಟು ತಿಳಿಸಿದರೆ ಸಾಕು.