ಒಳಗೆ ಬಿಟ್ಟ ಬಟ್ಟೆ

ಕಾಟ್ಟಿಕುಳಂನ ಶಾಲೆಯೊಂದರ ಹೊಲಿಗೆ ಟೀಚರಿಗೆ ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸವೂ ಇತ್ತು. "ಒಳಗೆ ಸ್ವಲ್ಪ ಬಿಟ್ಟಿರ್ಬೇಕು" ಎನ್ನುವುದು ಅವರ ಮಾತು. ಮಕ್ಕಳ ಲಂಗ ಹೊಲಿದರೆ, ಬೆಳೆಯುವ ಮೈಗೆಂದು ಹೊಲಿಗೆಯೊಳಗೆ ಬಟ್ಟೆ ಬಿಡುತ್ತಿದ್ದರು. ಡಿಸ್ಕಿನಲ್ಲೂ ಅಷ್ಟೇ. ಜಾಗ ಖಾಲಿಯಿದೆಯೆಂದು ಯಾರಾದರೂ ಸಿನಿಮಾ ತುಂಬಿದರೆ ಅಳಿಸಿಬಿಡುತ್ತಿದ್ದರು. ನನಗದು ಬರೀ ಜಿಪುಣತನವಾಗಿ ಕಾಣುತ್ತಿತ್ತು.

ಒಂದು ಸಂಜೆ, ಆದಿವಾಸಿ ಹಾಡಿಯವರ ಭೂಮಿಯ ಅರ್ಜಿಗೆಂದು ನಾನು ಅಲ್ಲಿನ ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದ ನಕ್ಷೆ ಅಲ್ಲಾಡದೆ ನಿಂತುಬಿಟ್ಟಿತು. ಬೆಳಗಿನಿಂದ ಸೇವ್ ಮಾಡಿರಲಿಲ್ಲ. ಅರ್ಜಿಗೆ ಮರುದಿನವೇ ಕೊನೆ.

"ಟೀಚರೇ, ಆಫ್ ಮಾಡ್ಲಾ?"

"ತೊಡಲ್ಲೇ!" ಟೀಚರ್ ಮಲಯಾಳದಲ್ಲೇ ಕೂಗಿದರು. "ಮುಟ್ಬೇಡಿ, ಎಲ್ಲ ಹೋಗ್ತದೆ. ಮೆಮೊರಿ ತುಂಬಿದೆ, ಅಷ್ಟೇ. ಡಿಸ್ಕಲ್ಲಿ ಬಿಟ್ಟ ಜಾಗ ಉಂಟಲ್ಲ, ಅದನ್ನ ಸ್ವಾಪಿಗೆ ಕೊಡುವಾ, ಮೆಮೊರಿಯಲ್ಲಿ ಹಿಡಿಸದ್ದು ಅಲ್ಲಿ ಕೂತ್ಕೊಳ್ತದೆ."

ಕಪ್ಪು ಪರದೆಯೊಂದನ್ನು ತೆರೆದರು. ಒಂದೊಂದು ಅಕ್ಷರ ಮೂಡುವವರೆಗೂ ಬೆರಳೆತ್ತಿ ಕಾಯುತ್ತ ನಾಲ್ಕು ಸಾಲು ಆದೇಶ ಬರೆದರು. ಸ್ವಲ್ಪ ಹೊತ್ತಿಗೆ ಮೌಸಿನ ಬಾಣ ಅಲುಗಿತು. ಮನೆ, ನೀರಿನ ತೋಡು, ಕಾಲುದಾರಿ ಒಂದೊಂದಾಗಿ ನಕ್ಷೆಯಲ್ಲಿ ಎದ್ದು ಬಂದವು.

"ಮೊದ್ಲು ಸೇವ್ ಮಾಡಿ" ಎಂದು ಗದರಿ, ಟೀಚರ್ ಸೂಜಿಗೆ ದಾರ ಪೋಣಿಸತೊಡಗಿದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಮಗು ಉಟ್ಟ ಲಂಗವನ್ನು ಬಿಚ್ಚಿಸದೆಯೇ ಸಡಿಲ ಮಾಡಿದಂತೆ, ಕಂಪ್ಯೂಟರನ್ನು ಆರಿಸದೆಯೇ ಜಾಗ ಮಾಡಿಕೊಟ್ಟ ಕೈ ಅದು.